ಅಪ್ಪನ ತಂಬೂರಿ ಪೆಟ್ಟಿಗೆಯ ಅಡಾಪ್ಟರ್ ಕೆಟ್ಟಿದೆ, ಬದಲಿ ಎಲ್ಲಿ ಸಿಗುತ್ತೆ?

ನವನಗರ_ಮಗಳು

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ನವನಗರದಿಂದ ಬರೆಯುತ್ತಿದ್ದೇನೆ. ನಮ್ಮ ಅಪ್ಪನಿಗೆ 74 ವರ್ಷ. ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಒಂದು ತಾಸು ಹಾಡುತ್ತಾರೆ. ಯಾರ ಮುಂದೆ ಹಾಡೋಕೂ ಅಲ್ಲ, ಅವರಿಗೆ ಅದು ಬೇಕು ಅಷ್ಟೇ. ದೊಡ್ಡ ತಂಬೂರಿ ಹಿಡಿದು ಕೂರಲು ಬೆನ್ನು ಬಿಡಲ್ಲ, ಅದಕ್ಕೆ ಹದಿನೈದು ವರ್ಷದ ಹಿಂದೆ ಇಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ತಗೊಂಡಿದ್ದರು. ಹೋದ ವಾರ ಅದರ ಅಡಾಪ್ಟರ್ ಸತ್ತುಹೋಯಿತು. ಕಪ್ಪಗಿನ, ಕೈಗೆ ಭಾರ ಬರುವ ಹಳೇ ನಮೂನೆಯದು.

ಊರಲ್ಲೇ ಒಂದು ಅಂಗಡಿಗೆ ಹೋದೆ. ಹಳೇದನ್ನು ಕೈಯಲ್ಲಿ ಹಿಡಿದೇ ಹೋಗಿದ್ದೆ. ಅವರು ಅದರ ಮೇಲಿನ ಅಕ್ಷರ ಓದಲೇ ಇಲ್ಲ. ಪಿನ್ ಮಾತ್ರ ನೋಡಿದರು, ಡಬ್ಬಿಯಿಂದ ಇನ್ನೊಂದು ತೆಗೆದರು, "ಇದು ಕೂಡ್ತದರೀ, ಏನೂ ಆಗಂಗಿಲ್ಲ, ತಗೊಂಡ್ ಹೋಗ್ರಿ" ಅಂದರು. 250 ರೂಪಾಯಿ ಕೊಟ್ಟು ತಂದೆ. ಪಿನ್ ಸರಿಯಾಗಿ ಕೂತಿತು, ಆದರೆ ದೀಪ ಹತ್ತಲಿಲ್ಲ. ಅಪ್ಪ ಗಾಬರಿಯಾಗಿ ವೈರ್ ಕಿತ್ತುಬಿಟ್ಟರು. ಹತ್ತು ಸೆಕೆಂಡ್ ಇದ್ದಿರಬಹುದು. ಆಮೇಲೆ ನೋಡಿದರೆ ಹೊಸದರ ಮೇಲೆ 12 ವೋಲ್ಟ್ ಅಂತಿದೆ, ಹಳೇದರ ಮೇಲೆ 9.

ಅವತ್ತಿಂದ ಅಪ್ಪ ಹಾಡಿಲ್ಲ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ ಕೊಟ್ಟೆ, ಎರಡು ನಿಮಿಷ ಕೇಳಿ ಪಕ್ಕಕ್ಕಿಟ್ಟರು. ಪೆಟ್ಟಿಗೆಯೇ ಸುಟ್ಟುಹೋಗಿರುತ್ತಾ? ಸುಟ್ಟಿಲ್ಲ ಅಂದರೆ ಸರಿಯಾದ ಅಡಾಪ್ಟರ್ ನಮ್ಮ ಕಡೆ ಎಲ್ಲಿ ಸಿಗುತ್ತೆ? ದಯವಿಟ್ಟು ಗೊತ್ತಿದ್ದವರು ಹೇಳಿ.

ಖಡೇಬಜಾರ್_ಸೋಲ್ಡರ್

ತಂಗಿ, ಬೆಳಗಾವಿಯಿಂದ. ರಿಪೇರಿ ಕೆಲಸದಲ್ಲಿ ಇಪ್ಪತ್ತಾರು ವರ್ಷ ಆಯಿತು. ಹೊಸ ಅಡಾಪ್ಟರ್ ತರೋಕೆ ಮೊದಲು ಒಂದು ಕೆಲಸ ಮಾಡಿ. ಪೆಟ್ಟಿಗೆಯ ಬೆನ್ನಿಗೆ ಸೆಲ್ ಹಾಕುವ ಜಾಗ ಇದೆಯಾ ನೋಡಿ. ಇದ್ದರೆ ಹೊಸ ಸೆಲ್ ಹಾಕಿ ಹಚ್ಚಿ. ನುಡಿದರೆ ಪೆಟ್ಟಿಗೆ ಬದುಕಿದೆ. ಇನ್ನೊಂದು, ಎಷ್ಟು ಸೆಲ್ ಹಿಡಿಯುತ್ತೆ ಎಣಿಸಿ. ಒಂದು ಸೆಲ್‌ಗೆ ಒಂದೂವರೆ ವೋಲ್ಟ್, ಆರು ಸೆಲ್ ಅಂದರೆ 9 ವೋಲ್ಟ್, ನಾಲ್ಕು ಅಂದರೆ 6. ಅಡಾಪ್ಟರ್ ಕಳೆದುಹೋಗಿ, ಪೆಟ್ಟಿಗೆ ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಬಹಳ ಸಲ ಇದೇ ಲೆಕ್ಕ ದಾರಿ ತೋರಿಸುತ್ತೆ.

ಆ 12 ವೋಲ್ಟಿನದನ್ನು ಇನ್ನೊಂದು ಸಲ ಹಾಕಿ ನೋಡೋಣ ಅಂತ ಮಾತ್ರ ಹೋಗಬೇಡಿ.

ಗುಮ್ಮಟದೂರು

ಅಕ್ಕಾ, ನಿಮ್ಮ ಅಪ್ಪ ಹತ್ತು ಸೆಕೆಂಡಿಗೇ ಕಿತ್ತಿದ್ದು ಒಳ್ಳೇದಾಯಿತು. ನಾನು ಕಿತ್ತಿರಲಿಲ್ಲ. ಎರಡು ವರ್ಷದ ಹಿಂದೆ ಮಗಳ ಹಳೇ ಕೀಬೋರ್ಡಿಗೆ ಮನೆಯ ವೈಫೈ ಡಬ್ಬಿಯ ಅಡಾಪ್ಟರ್ ಹಾಕಿದೆ. ಎರಡರ ಮೇಲೂ 9 ವೋಲ್ಟ್ ಅಂತಲೇ ಇತ್ತು, ನಾನು ಓದಿಯೇ ಹಾಕಿದ್ದು. ಒಂದು ನಿಮಿಷಕ್ಕೆ ವಾಸನೆ ಬಂತು. ಇಲ್ಲಿ ವಿಜಯಪುರದಲ್ಲಿ ಗಾಂಧಿ ಚೌಕದ ಹತ್ತಿರ ಒಬ್ಬರು ಬಿಚ್ಚಿ ನೋಡಿ "ಉಲ್ಟಾ ಹೋಗೇದ ಕರೆಂಟ" ಅಂದರು. ಒಳಗಿನ ಪ್ಲಸ್, ಮೈನಸ್ ಅದಲುಬದಲು. ವೋಲ್ಟ್ ಸರಿ ಇದ್ದರೂ ಸಾಲಲ್ಲ ಅಂತ ಅವತ್ತೇ ನನಗೆ ಗೊತ್ತಾಗಿದ್ದು. ಮಗಳು ಮೂರು ದಿನ ಮಾತಾಡಿಸಲಿಲ್ಲ.

ನವನಗರ_ಮಗಳು

ಅಣ್ಣಾ, ನುಡಿಯಿತು! ಆರು ಸೆಲ್ ಹಿಡಿಯುತ್ತೆ. ಓಣಿಯ ಕಿರಾಣಿ ಅಂಗಡಿಯಿಂದ ತಂದು ಹಾಕಿದೆ, ದೀಪ ಬಂತು, ನಾಲ್ಕೂ ತಂತಿ ನುಡಿದವು. ಅಪ್ಪ ಏನೂ ಹೇಳಲಿಲ್ಲ, ಅಲ್ಲೇ ಕೂತು ಹಾಡೋಕೆ ಶುರು ಮಾಡಿದರು, ಸಂಜೆ ನಾಲ್ಕು ಗಂಟೆಯಲ್ಲಿ.

ಸೆಲ್ ಎಷ್ಟು ದಿನ ಬರುತ್ತೆ ಗೊತ್ತಿಲ್ಲ, ದಿನಾ ಒಂದು ತಾಸು ಅಂದರೆ ಜಾಸ್ತಿ ಖರ್ಚಾಗುತ್ತೆ. ಹಳೇ ಅಡಾಪ್ಟರ್ ಮೇಲೆ ಇರೋದನ್ನು ಇದ್ದ ಹಾಗೆ ಬರೆಯುತ್ತೇನೆ: ಇನ್‌ಪುಟ್ 230 ವೋಲ್ಟ್ 50 ಹರ್ಟ್ಸ್. ಔಟ್‌ಪುಟ್ 9 ವೋಲ್ಟ್ ಡಿಸಿ, 500 ಮಿಲಿ ಆಂಪ್. ಅದರ ಕೆಳಗೆ ಒಂದು ಚಿತ್ರ ಇದೆ, ನಡುವೆ ಒಂದು ಚುಕ್ಕೆ, ಅದರ ಸುತ್ತ ಬಾಯಿ ತೆರೆದ ಬಳೆ ಹಾಗೆ ಒಂದು ಗೆರೆ, ಆ ಕಡೆ ಈ ಕಡೆ ಪ್ಲಸ್ ಮೈನಸ್. ಇದೇನು?

ಖಡೇಬಜಾರ್_ಸೋಲ್ಡರ್

ಆ ಚಿತ್ರವೇ ಮುಖ್ಯ ತಂಗಿ. ಅದನ್ನು ನೋಡದೇ ಅಡಾಪ್ಟರ್ ಮಾರುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತೆ, ಯಾಕಂದರೆ ಅಲ್ಲಿ ಸುಡೋದು ಗಿರಾಕಿಯ ವಸ್ತು. ಚುಕ್ಕೆ ಅಂದರೆ ಪಿನ್ನಿನ ಒಳಭಾಗ. ಬಳೆ ಅಂದರೆ ಪಿನ್ನಿನ ಹೊರಮೈ. ಚುಕ್ಕೆಯಿಂದ ಹೊರಟ ಗೆರೆ ಯಾವ ಗುರುತಿಗೆ ಹೋಗಿ ಸೇರುತ್ತೋ, ಒಳಗೆ ಅದು ಇದೆ ಅಂತ ಅರ್ಥ. ಬೆರಳಿಟ್ಟು ಗೆರೆ ಹಿಡಿದು ಹೋಗಿ ನೋಡಿ ಹೇಳಿ.

ಈಗಿನ ವೈಫೈ ಡಬ್ಬಿ, ಸೆಟ್ ಟಾಪ್ ಬಾಕ್ಸ್, ಕ್ಯಾಮೆರಾ, ಬಹುತೇಕ ಎಲ್ಲದರಲ್ಲೂ ಒಳಗೆ ಪ್ಲಸ್. ಅಂಗಡಿಯ ಡಬ್ಬಿಯಲ್ಲಿ ಇರೋದೂ ಅವೇ. ಆದರೆ ಸಂಗೀತದ ಹಳೇ ಸಾಮಾನುಗಳಲ್ಲಿ ಒಳಗೆ ಮೈನಸ್ ಇರೋದು ಜಾಸ್ತಿ. ಕ್ಯಾಸಿಯೊ ಕೀಬೋರ್ಡನ್ನೇ ತಗೊಳ್ಳಿ. ಹಳೇದಕ್ಕೆ ಬರುತ್ತಿದ್ದ ಎಡಿ-5 ಅನ್ನೋದು 9 ವೋಲ್ಟ್, ಒಳಗೆ ಮೈನಸ್. ಆಮೇಲೆ ಬಂದ ಎಡಿ-ಇ95100 ಒಂಬತ್ತೂವರೆ ವೋಲ್ಟ್, ಒಳಗೆ ಪ್ಲಸ್. ಕಂಪನಿ ಒಂದೇ, ಕೆಲಸ ಒಂದೇ, ದಿಕ್ಕು ಉಲ್ಟಾ. ವಿಜಯಪುರದ ಅಣ್ಣಾರಿಗೆ ಆಗಿದ್ದೂ ಇದೇ ನಮೂನೆ.

ನಿಮ್ಮ ಪೆಟ್ಟಿಗೆ ಯಾಕೆ ಉಳಿಯಿತು ಅಂತ ಹೇಳುತ್ತೇನೆ. ದೀಪವೇ ಹತ್ತಲಿಲ್ಲ ಅಂದಿರಿ, ಅಂದರೆ ಅಂಗಡಿಯವರು ಕೊಟ್ಟದ್ದರ ದಿಕ್ಕು ಉಲ್ಟಾ ಇದ್ದಿರಬೇಕು, ಪೆಟ್ಟಿಗೆಯ ಒಳಗೆ ದಾರಿಯಲ್ಲೇ ಒಂದು ಡಯೋಡ್ ಇರಬೇಕು. ಅದು ಒಂದೇ ಕಡೆ ಬಿಡುವ ಬಾಗಿಲು, ಉಲ್ಟಾ ಬಂದಿದ್ದನ್ನು ಒಳಗೆ ಬಿಡಲಿಲ್ಲ. ಎಲ್ಲ ಕಂಪನಿಯವರೂ ಅದನ್ನು ಹಾಕಲ್ಲ. ದಿಕ್ಕು ಸರಿ ಇದ್ದಿದ್ದರೆ ಆ 12 ವೋಲ್ಟ್ ನೇರ ಒಳಗೆ ನುಗ್ಗುತ್ತಿತ್ತು.

ಜಮಖಂಡಿ_ತಕ್ಕಡಿ

ಇಷ್ಟೆಲ್ಲ ತಲೆ ಯಾಕೆ ಕೆಡಿಸಿಕೊಳ್ಳಬೇಕು? ಮಾರುಕಟ್ಟೆಯಲ್ಲಿ ಎಲ್ಲದಕ್ಕೂ ಬರುವ ಅಡಾಪ್ಟರ್ ಸಿಗುತ್ತಲ್ಲ, 3 ವೋಲ್ಟಿನಿಂದ 12ರವರೆಗೆ ಸ್ವಿಚ್ ಸರಿಸುವಂಥದ್ದು. ಪಿನ್ನೂ ಆರು ನಮೂನೆ, ತಿರುಗಿಸಿ ಹಾಕಿದರೆ ಪ್ಲಸ್ ಮೈನಸ್ ಬದಲಾಗುತ್ತೆ. ನನ್ನ ತರಕಾರಿ ಅಂಗಡಿಯ ಇಲೆಕ್ಟ್ರಾನಿಕ್ ತಕ್ಕಡಿ ಮೂರು ವರ್ಷದಿಂದ ಅದರ ಮೇಲೇ ನಡೀತಾ ಇದೆ. ಏನೂ ಆಗಿಲ್ಲ.

ಖಡೇಬಜಾರ್_ಸೋಲ್ಡರ್

ನಿಮ್ಮ ತಕ್ಕಡಿಗೆ ನಡೆದಿದ್ದು ಸುಳ್ಳಲ್ಲ ಸರ್. ಗೊತ್ತಿದ್ದವರ ಕೈಯಲ್ಲಿ ಅದು ಒಳ್ಳೇ ಸಾಮಾನು, ನನ್ನ ಮೇಜಿನ ಮೇಲೂ ಒಂದಿದೆ. ಆದರೆ 74 ವರ್ಷದವರ ಕೋಣೆಯಲ್ಲಿ, ನಸುಕಿನಲ್ಲಿ, ಕಸ ಹೊಡೆಯುವಾಗ ಆ ಸ್ವಿಚ್ ಒಂದು ಮನೆ ಆಚೆ ಸರಿದರೆ 9 ಇದ್ದದ್ದು 12 ಆಗುತ್ತೆ. ಪಿನ್ ಬಿದ್ದುಹೋಗಿ ತಿರುಗಿಸಿ ಹಾಕಿದರೆ ದಿಕ್ಕು ಬದಲಾಗುತ್ತೆ. ಯಾರಿಗೂ ಗೊತ್ತಾಗಲ್ಲ. ಒಂದೇ ವೋಲ್ಟ್, ಒಂದೇ ಪಿನ್ ಇರುವುದನ್ನೇ ನಾನು ಹೇಳೋದು.

ಜಮಖಂಡಿ_ತಕ್ಕಡಿ

ಅದೂ ಸರಿ. ನಾನು ಸ್ವಿಚ್ಚಿನ ಮೇಲೆ ಟೇಪ್ ಸುತ್ತಿಟ್ಟಿದ್ದೇನೆ. ಅದಕ್ಕೇ ಏನೂ ಆಗಿಲ್ಲ ಅನಿಸುತ್ತೆ. ಆದರೂ ತುರ್ತಿಗೆ ಅದಕ್ಕಿಂತ ಒಳ್ಳೇದಿಲ್ಲ ಅನ್ನೋದು ನನ್ನ ಮಾತು.

ಒಂದು ಕೇಳಬೇಕಿತ್ತು. 500 ಮಿಲಿ ಆಂಪ್ ಅಂತ ಇರುವುದಕ್ಕೆ 1 ಆಂಪ್ ಅಥವಾ 2 ಆಂಪಿನದು ಹಾಕಿದರೆ ಜಾಸ್ತಿ ಕರೆಂಟ್ ಹೋಗಿ ಸುಡಲ್ವಾ? ನಮ್ಮಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ.

ಖಡೇಬಜಾರ್_ಸೋಲ್ಡರ್

ಸುಡಲ್ಲ. ಇದೊಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಮಾಳಿಗೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆಯೋ ನಳದಲ್ಲಿ ಅಷ್ಟು ಜೋರು. ಆ ಎತ್ತರವೇ ವೋಲ್ಟ್. ಅದು ಜಾಸ್ತಿ ಆದರೆ ನಳ ಒಡೆಯುತ್ತೆ, ಅದಕ್ಕೆ ವೋಲ್ಟ್ ಅಷ್ಟಕ್ಕಷ್ಟೇ ಇರಬೇಕು. ಆಂಪ್ ಅನ್ನೋದು ಟ್ಯಾಂಕಿನಿಂದ ಒಂದೇ ಸಲಕ್ಕೆ ಎಷ್ಟು ನೀರು ಕೊಡೋಕೆ ಆಗುತ್ತೆ ಅನ್ನೋ ತಾಕತ್ತು. ನೀವು ತಿರುವಿದಷ್ಟೇ ನಳ ನೀರು ಬಿಡುತ್ತೆ, ಟ್ಯಾಂಕ್ ದೊಡ್ಡದಿದೆ ಅಂತ ಕೊಡ ತುಂಬಿ ಹರಿಯಲ್ಲ ಅಲ್ವಾ? ಹಾಗೆ ಪೆಟ್ಟಿಗೆ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತೆ. 500 ಬೇಕಾದಲ್ಲಿ 1000 ಇದ್ದರೆ ಅಡಾಪ್ಟರ್ ತಣ್ಣಗಿರುತ್ತೆ, ಅಷ್ಟೇ. 500 ಬೇಕಾದಲ್ಲಿ 300ರದು ಹಾಕಿದರೆ ಮಾತ್ರ ತೊಂದರೆ, ಅಡಾಪ್ಟರ್ ಬಿಸಿಯಾಗುತ್ತೆ, ವೋಲ್ಟ್ ಕುಸಿಯುತ್ತೆ, ದನಿ ನಡುಗುತ್ತೆ.

ಪಿನ್ ಬಗ್ಗೆಯೂ ಒಂದು ಮಾತು. ದುಂಡು ಪಿನ್ನುಗಳಲ್ಲಿ ಹೊರಗಿನ ಅಳತೆ 5.5 ಮಿಲಿಮೀಟರ್ ಇರೋದು ಸಾಮಾನ್ಯ, ಆದರೆ ಒಳಗಿನ ತೂತು ಎರಡು ನಮೂನೆ, 2.1 ಮತ್ತು 2.5. ಕಣ್ಣಿಗೆ ಗೊತ್ತಾಗಲ್ಲ. 2.5ರ ತೂತನ್ನು 2.1ರ ಕಡ್ಡಿಗೆ ಹಾಕಿದರೆ ಒಳಗೆ ಹೋಗುತ್ತೆ, ಆದರೆ ಸಡಿಲ. ವೈರ್ ಅಲುಗಿದಾಗೆಲ್ಲ ಬಂದ್ ಆಗಿ ಮತ್ತೆ ಚಾಲೂ ಆಗುತ್ತೆ. ಆಗ ಜನ ಪೆಟ್ಟಿಗೆ ಕೆಟ್ಟಿದೆ ಅಂದುಕೊಂಡು ರಿಪೇರಿಗೆ ತರುತ್ತಾರೆ.

ನವನಗರ_ಮಗಳು

ಅಣ್ಣಾ, ಬೆರಳಿಟ್ಟು ನೋಡಿದೆ. ಚುಕ್ಕೆಯ ಗೆರೆ ಮೈನಸ್ಸಿಗೇ ಹೋಗುತ್ತೆ. ಅಂಗಡಿಯವರು ಕೊಟ್ಟ 12 ವೋಲ್ಟಿನದರಲ್ಲಿ ಪ್ಲಸ್ಸಿಗೆ ಹೋಗುತ್ತೆ. ಎರಡೂ ಪಕ್ಕಪಕ್ಕ ಇಟ್ಟು ನೋಡಿದರೆ ಎಷ್ಟು ಸ್ಪಷ್ಟ ಇದೆ! ಇಷ್ಟು ದಿನ ಮನೆಯಲ್ಲಿ ಹತ್ತು ಅಡಾಪ್ಟರ್ ಬಂದುಹೋಗಿವೆ, ಯಾವುದರ ಮೇಲೂ ಈ ಚಿತ್ರ ನೋಡಿರಲಿಲ್ಲ.

ಗೋಕಾಕ_ಹುಡುಗ

ಅಕ್ಕಾ, ಯುಎಸ್‌ಬಿ ಕೇಬಲ್ ಬರುತ್ತೆ, ಫೋನ್ ಚಾರ್ಜರಿನ 5 ವೋಲ್ಟನ್ನು 9ಕ್ಕೆ ಏರಿಸುವಂಥದ್ದು. ಕರೆಂಟ್ ಹೋದಾಗ ಪವರ್ ಬ್ಯಾಂಕಿನಿಂದಲೂ ನಡೆಯುತ್ತೆ. 9 ವೋಲ್ಟ್ 500 ಮಿಲಿ ಆಂಪ್ ಅಂದರೆ ನಾಲ್ಕೂವರೆ ವ್ಯಾಟ್ ಅಷ್ಟೇ, 10 ವ್ಯಾಟ್ ಚಾರ್ಜರಿಗೆ ಅದೇನೂ ಭಾರ ಅಲ್ಲ. ನಾನು ವೈಫೈಗೆ ಹಾಕಿದ್ದೇನೆ.

ಹೊಸ ಅಡಾಪ್ಟರ್ ಕೊಂಡರೆ ಮೈಮೇಲೆ ಬಿಐಎಸ್, ಅಂದರೆ ಸರ್ಕಾರದ ಮಾನಕ ಸಂಸ್ಥೆಯ ಗುರುತು, ಅದರ ಕೆಳಗೆ ಆರ್ ಅಕ್ಷರ ಮತ್ತು ಎಂಟು ಅಂಕಿ ಇದೆಯಾ ನೋಡಿ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಅಂಕಿ ಹಾಕಿದರೆ ಯಾರ ಹೆಸರಿನಲ್ಲಿ ನೋಂದಣಿ ಆಗಿದೆ ಅಂತ ತೋರಿಸುತ್ತೆ. ಸುಮ್ನೆ ಗುರುತು ಅಚ್ಚು ಹಾಕಿದ್ದರೆ ಅಲ್ಲೇ ಗೊತ್ತಾಗುತ್ತೆ.

ಖಡೇಬಜಾರ್_ಸೋಲ್ಡರ್

ತಮ್ಮಾ, ಆರ್ ನಂಬರ್ ಮಾತು ಒಳ್ಳೇದು ಹೇಳಿದೆ. ಕೇಬಲ್ ಮಾತ್ರ ಇಲ್ಲಿ ಬೇಡ. ಅದರಲ್ಲೂ ಸಾಮಾನ್ಯವಾಗಿ ಒಳಗೆ ಪ್ಲಸ್. ಜೊತೆಗೆ ವೋಲ್ಟ್ ಏರಿಸುವ ಆ ಚಿಕ್ಕ ಸರ್ಕೀಟು ಅಗ್ಗದ್ದಾದರೆ ಸ್ಪೀಕರಿನಲ್ಲಿ ಸಣ್ಣಗೆ ಕೀಂಯ್ ಅನ್ನುತ್ತೆ. ವೈಫೈಗೆ ಕಿವಿ ಇಲ್ಲ, ತಂಬೂರಿ ಹಚ್ಚಿಕೊಂಡು ಕೂರುವವರಿಗೆ ಇದೆ.

ನವನಗರ_ಮಗಳು

ಐದು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ. ಗುಜರಿ ಸಾಮಾನಿನ ಅಂಗಡಿಯಲ್ಲಿ ಒಂದು ಹಳೇ ಅಡಾಪ್ಟರ್ ಸಿಕ್ಕಿತು. 9 ವೋಲ್ಟ್ ಡಿಸಿ, 500 ಮಿಲಿ ಆಂಪ್, ಚುಕ್ಕೆಯ ಗೆರೆ ಮೈನಸ್ಸಿಗೆ. 60 ರೂಪಾಯಿ. ಎದುರು ಮನೆಯ ಹುಡುಗ ಡಿಪ್ಲೊಮಾ ಓದುತ್ತಿದ್ದಾನೆ, ಅವನು ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡಿದ. 13.4 ವೋಲ್ಟ್ ತೋರಿಸಿತು. ಗಾಬರಿಯಾಗಿ ಪೆಟ್ಟಿಗೆಗೆ ಹಾಕಲಿಲ್ಲ. 9 ಅಂತ ಬರೆದು 13 ಯಾಕೆ ಬರುತ್ತೆ?

ಖಡೇಬಜಾರ್_ಸೋಲ್ಡರ್

ಹಾಕದೇ ಕೇಳಿದ್ದು ಒಳ್ಳೇದಾಯಿತು. ಭಾರ ಇದೆಯಾ? ಇದ್ದರೆ ಅದು ಟ್ರಾನ್ಸ್‌ಫಾರ್ಮರ್ ಅಡಾಪ್ಟರ್. ಒಳಗೆ ತಾಮ್ರದ ಸುತ್ತು, ನಾಲ್ಕು ಡಯೋಡ್, ಏರಿಳಿತ ತಡೆಯುವ ಒಂದು ಕೆಪಾಸಿಟರ್, ಅಷ್ಟೇ, ವೋಲ್ಟ್ ಹಿಡಿದಿಡುವ ಭಾಗ ಇರಲ್ಲ. ಏನೂ ಜೋಡಿಸದೇ ಅಳೆದರೆ 12, 13 ತೋರಿಸೋದು ಸಹಜ. 500 ಮಿಲಿ ಆಂಪ್ ಎಳೆದಾಗ 9ಕ್ಕೆ ಇಳಿಯುತ್ತೆ, ಮೈಮೇಲೆ ಬರೆದಿರೋದು ಆ ಲೆಕ್ಕ. ನಿಮ್ಮ ಪೆಟ್ಟಿಗೆಯ ಜೊತೆ ಬಂದಿದ್ದೂ ಇದೇ ಜಾತಿಯದು ಆಗಿರೋದರಿಂದ ಪೆಟ್ಟಿಗೆಯನ್ನು ಅದಕ್ಕೆ ತಕ್ಕಂತೆ ಮಾಡಿರುತ್ತಾರೆ. ಮೀಟರಿನಲ್ಲಿ ಮೈನಸ್ ಪ್ಲಸ್ ಸರಿ ಬಂದಿದ್ದರೆ ಹಾಕಬಹುದು. ಮುಟ್ಟಲು ಹಗುರ ಇರುವ ಹೊಸ ಅಡಾಪ್ಟರ್ ಆಗಿದ್ದು 13 ತೋರಿಸಿದ್ದರೆ ಹಾಕಬೇಡಿ ಅನ್ನುತ್ತಿದ್ದೆ.

ನವನಗರ_ಮಗಳು

ಹಾಕಿದೆ, ದೀಪ ಬಂತು, ನುಡಿಯಿತು. ಆದರೆ ಅಪ್ಪನಿಗೆ ಸಮಾಧಾನ ಇಲ್ಲ. ಒಳಗಿಂದ "ಗುಂಯ್" ಅಂತ ಬರುತ್ತಿದೆ ಅನ್ನುತ್ತಾರೆ. ನನಗೆ ತುಂಬಾ ಸಣ್ಣದು ಅನಿಸುತ್ತೆ. ಅವರು ಮಾತ್ರ ಕಣ್ಣು ಮುಚ್ಚಿ ಕೂತು ಪಂಚಮದ, ಅಂದರೆ ಪ ಸ್ವರದ ತಿರುಪನ್ನು ಆ ಕಡೆ ಈ ಕಡೆ ತಿರುಗಿಸುತ್ತಲೇ ಇರುತ್ತಾರೆ. "ಪಂಚಮ ನಿಲ್ಲವಲ್ಲದು" ಅನ್ನುತ್ತಾರೆ. ಹತ್ತು ನಿಮಿಷ ತಿರುಗಿಸಿ, ಒಂದು ಆಲಾಪ ಎತ್ತಿ, ಮತ್ತೆ ತಿರುಪಿಗೆ ಕೈ. ಸೆಲ್ ಹಾಕಿದಾಗ ಹೀಗಿರಲಿಲ್ಲ.

ತಿಕೋಟಾ_ತಬಲಾ

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ, ಈ ಮಾತಿಗೆ ಬರೆಯಲೇಬೇಕು ಅನಿಸಿತು. ಅಕ್ಕಾ, ಅಪ್ಪಾಜಿ ಯಾವ ಪಟ್ಟಿಗೆ ಹಾಡುತ್ತಾರೆ? ಕಾಳಿ ಒಂದಾ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮಣೆಯ ಸ್ವರಕ್ಕಾ?

ನವನಗರ_ಮಗಳು

ಹೌದು, ಕಾಳಿ ಒಂದು. ಹೇಗೆ ಗೊತ್ತಾಯಿತು?

ತಿಕೋಟಾ_ತಬಲಾ

ಪಂಚಮ ಅಂದರಲ್ಲ, ಅದಕ್ಕೆ. ಲೆಕ್ಕ ನೋಡಿ. ನಮ್ಮ ಮನೆಯ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ ಐವತ್ತು ಸಲ ಏರಿಳಿಯುತ್ತೆ. ಅಡಾಪ್ಟರಿನಲ್ಲಿ ಡಯೋಡ್ ದಾಟುವಾಗ ಅದು ದುಪ್ಪಟ್ಟಾಗಿ 100 ಹರ್ಟ್ಸಿನ ಗುಂಯ್ ಆಗುತ್ತೆ, ಅದರ ಮೇಲೆ 200, 300 ಕೂಡ ಇರುತ್ತವೆ. ಗಂಡು ದನಿಗೆ ಕಾಳಿ ಒಂದರ ಷಡ್ಜ, ಅಂದರೆ ಸ, ಸುಮಾರು 139 ಹರ್ಟ್ಸ್. ತಂಬೂರಿಯ ಮೊದಲ ತಂತಿ, ಅಂದರೆ ಕೆಳಗಿನ ಪಂಚಮ, ಸುಮಾರು 104. ಅದರ ಮೇಲಿನ ಪಂಚಮ 208. ಈಗ ಪಕ್ಕಪಕ್ಕ ಇಡಿ, 104ರ ಹತ್ತಿರ 100, 208ರ ಹತ್ತಿರ 200. ದೂರ ಇದ್ದಿದ್ದರೆ ಬೇರೆ ಸದ್ದು ಅಂತ ಕಿವಿ ಬಿಟ್ಟುಬಿಡುತ್ತಿತ್ತು. ಇಷ್ಟು ಹತ್ತಿರ ಇದ್ದೂ ಕೂಡದೇ ಇದ್ದರೆ ಎರಡೂ ಸೇರಿ ಅಲೆ ಅಲೆಯಾಗಿ ನಡುಗುತ್ತವೆ, ಪಂಚಮವೇ ಇಳಿದಿದೆ ಅನಿಸುತ್ತೆ. ಎಷ್ಟು ತಿರುಪು ತಿರುಗಿಸಿದರೂ ಅದು ಹೋಗಲ್ಲ, ಯಾಕಂದರೆ ತಪ್ಪು ತಂತಿಯದಲ್ಲ.

ಅಪ್ಪಾಜಿಯ ಕಿವಿಗೆ ನನ್ನ ನಮಸ್ಕಾರ ಹೇಳಿ. ಆ ಸಣ್ಣ ಪೆಟ್ಟಿಗೆಯ ಸ್ಪೀಕರಿನಲ್ಲಿ ಇದನ್ನು ಹಿಡಿಯೋದು ಸುಲಭ ಅಲ್ಲ.

ಈ ಪೆಟ್ಟಿಗೆ ಹುಟ್ಟಿದ್ದೂ ನಮ್ಮ ರಾಜ್ಯದಲ್ಲೇ ಅಂತ ಎಷ್ಟು ಜನರಿಗೆ ಗೊತ್ತೋ ಏನೋ. ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ಮೊದಲ ಇಲೆಕ್ಟ್ರಾನಿಕ್ ತಂಬೂರಿ ಮಾಡಿದರು, ಅವರು ಕೊಳಲು ನುಡಿಸುವವರೂ ಹೌದು.

ಖಡೇಬಜಾರ್_ಸೋಲ್ಡರ್

ತಬಲಾ ಅಣ್ಣಾರು ಹೇಳಿದ್ದು ಪೂರಾ ಸರಿ. ಗುಂಯ್ ಬರೋದು ಯಾಕಂದರೆ ಆ ಗುಜರಿ ಅಡಾಪ್ಟರಿನ ಕೆಪಾಸಿಟರ್ ಒಣಗಿದೆ. ವಯಸ್ಸಾದ ಹಾಗೆ ಅದರೊಳಗಿನ ದ್ರವ ಆರಿಹೋಗುತ್ತೆ, ಆಮೇಲೆ ಏರಿಳಿತ ತಡೆಯೋಕೆ ಆಗಲ್ಲ. ಬಿಚ್ಚಲು ಬರುವವರ ಹತ್ತಿರ ಕೊಟ್ಟು 1000 ಮೈಕ್ರೊಫ್ಯಾರಡ್ 25 ವೋಲ್ಟಿನದು ಹಾಕಿಸಿದರೆ ಬಹಳ ಕಡಿಮೆ ಆಗುತ್ತೆ. ನೀವೇ ಬಿಚ್ಚಬೇಡಿ, ಅದೇ ಡಬ್ಬಿಯಲ್ಲಿ 230 ವೋಲ್ಟೂ ಇದೆ.

ಆದರೆ ನಿನ್ನೆ ರಾತ್ರಿ ಇದನ್ನೇ ಯೋಚನೆ ಮಾಡುತ್ತಾ ಒಂದು ಹೊಳೆಯಿತು, ಮೊದಲೇ ಹೊಳೆಯಬೇಕಿತ್ತು. ಗಿಟಾರ್ ನುಡಿಸುವ ಹುಡುಗರು ಕಾಲಲ್ಲಿ ಒತ್ತುವ ಪೆಡಲ್ ಇಟ್ಟುಕೊಂಡಿರುತ್ತಾರಲ್ಲ, ಅವುಗಳ ಅಡಾಪ್ಟರ್ 9 ವೋಲ್ಟ್ ಡಿಸಿ, ಒಳಗೆ ಮೈನಸ್, ಪಿನ್ 5.5ಕ್ಕೆ 2.1. ಬಹುತೇಕ ಪೆಡಲ್‌ಗಳಿಗೆ ಇದೇ ಅಳತೆ. ವೋಲ್ಟ್ ಗಟ್ಟಿಯಾಗಿ ಹಿಡಿದಿಡುತ್ತೆ, ಸಂಗೀತಕ್ಕೇ ಮಾಡಿದ್ದರಿಂದ ಸದ್ದೂ ಕಡಿಮೆ. ಇಷ್ಟು ದಿನ ನಾವು ಕರೆಂಟ್ ಸಾಮಾನಿನ ಅಂಗಡಿಯಲ್ಲಿ ಹುಡುಕುತ್ತಿದ್ದೆವು. ಹುಡುಕಬೇಕಾಗಿದ್ದು ವಾದ್ಯದ ಅಂಗಡಿಯಲ್ಲಿ. ಬೆಳಗಾವಿಯಲ್ಲಿ ಸಿಗುತ್ತೆ, ಯಾರಾದರೂ ಬರುವವರಿದ್ದಾರಾ?

ನವನಗರ_ಮಗಳು

ನನ್ನ ತಮ್ಮ ಬೆಳಗಾವಿಯ ಉದ್ಯಮಬಾಗಿನಲ್ಲೇ ಕೆಲಸ ಮಾಡುತ್ತಾನೆ! ಅವನಿಗೆ ಹೇಳುತ್ತೇನೆ. ಏನು ಕೇಳಬೇಕು ಅಂತ ಒಂದೇ ಸಾಲಿನಲ್ಲಿ ಬರೆದುಕೊಡಿ ಅಣ್ಣಾ, ಹಾಗೇ ಕಳಿಸುತ್ತೇನೆ.

ಖಡೇಬಜಾರ್_ಸೋಲ್ಡರ್

"ಗಿಟಾರ್ ಪೆಡಲ್ ಅಡಾಪ್ಟರ್, 9 ವೋಲ್ಟ್ ಡಿಸಿ, ಒಳಗೆ ಮೈನಸ್, 500 ಮಿಲಿ ಆಂಪ್ ಅಥವಾ ಜಾಸ್ತಿ." ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಅನ್ನೋದನ್ನು ಬಿಡಬೇಡಿ. ಎಸಿ ಕೊಡುವ 9 ವೋಲ್ಟಿನ ಅಡಾಪ್ಟರೂ ಇವೆ, ನೋಡಲು ಒಂದೇ ತರ. 9ರ ಪಕ್ಕ ಅಲೆಯ ಗುರುತಿದ್ದರೆ ಎಸಿ, ಒಂದು ಗೆರೆ ಮತ್ತು ಅದರ ಕೆಳಗೆ ತುಂಡು ತುಂಡು ಗೆರೆ ಇದ್ದರೆ ಡಿಸಿ. ಹಳೇ ಅಡಾಪ್ಟರನ್ನು ತಮ್ಮನ ಕೈಯಲ್ಲಿ ಕೊಟ್ಟು ಕಳಿಸಿ.

ಗುಮ್ಮಟದೂರು

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಅಡಾಪ್ಟರೂ ಇಲ್ಲ, ಪೆಟ್ಟಿಗೆ ಮೇಲೆ ಚಿತ್ರವೂ ಇಲ್ಲ ಅಂದರೆ ದಿಕ್ಕು ತಿಳಿಯೋದು ಹೇಗೆ? ಮಗಳಿಗೆ ಇನ್ನೊಂದು ಹಳೇ ಕೀಬೋರ್ಡ್ ಸಿಕ್ಕಿದೆ, ಈ ಸಲ ತಪ್ಪು ಮಾಡಬಾರದು.

ಖಡೇಬಜಾರ್_ಸೋಲ್ಡರ್

ಸೆಲ್ ಹಾಕುವ ಜಾಗ ಇದ್ದರೆ ದಾರಿ ಇದೆ ಅಣ್ಣಾ. ಎಲ್ಲ ಸೆಲ್ ತೆಗೆಯಿರಿ, ಅಡಾಪ್ಟರ್ ಪಿನ್ನೂ ಹೊರಗಿರಲಿ. ಮಲ್ಟಿಮೀಟರನ್ನು ಬೀಪ್ ಅನ್ನುವ ಕಡೆ ಇಡಿ. ಸೆಲ್ ಸಾಲಿನ ಕೊನೆಯ ಮೈನಸ್ ತುದಿಗೆ, ಅಂದರೆ ಒಳಗೆ ವೈರ್ ಹೋಗಿರುವ ಸ್ಪ್ರಿಂಗಿಗೆ, ಒಂದು ಕಡ್ಡಿ ಹಿಡಿಯಿರಿ. ಇನ್ನೊಂದನ್ನು ಅಡಾಪ್ಟರ್ ತೂತಿನ ನಡುವಿನ ಕಡ್ಡಿಗೆ ಮುಟ್ಟಿಸಿ. ಬೀಪ್ ಬಂದರೆ ಒಳಗೆ ಮೈನಸ್. ಬರಲಿಲ್ಲ, ತೂತಿನ ಪಕ್ಕದ ಪಟ್ಟಿಗೆ ಮುಟ್ಟಿಸಿದಾಗ ಬಂತು ಅಂದರೆ ಒಳಗೆ ಪ್ಲಸ್. ಎರಡೂ ಕಡೆ ಬರದಿದ್ದರೆ ಊಹೆ ಮಾಡಬೇಡಿ, ಬಿಚ್ಚಿ ನೋಡುವವರ ಹತ್ತಿರ ಒಯ್ಯಿರಿ.

ನವನಗರ_ಮಗಳು

ತಮ್ಮ ಶನಿವಾರ ರಾತ್ರಿ ಬಸ್ಸಿಗೆ ಬಂದ. ಎರಡನೇ ಅಂಗಡಿಯಲ್ಲಿ ಸಿಕ್ಕಿತಂತೆ, ಆ ಸಾಲು ತೋರಿಸಿದ ಕೂಡಲೇ ತೆಗೆದುಕೊಟ್ಟರಂತೆ. ಎದುರು ಮನೆಯ ಹುಡುಗ ಅಳೆದ, 9.1 ವೋಲ್ಟ್, ಒಳಗೆ ಮೈನಸ್. ಪಿನ್ ಗಟ್ಟಿಯಾಗಿ ಕೂತಿತು, ಅಲುಗಿಸಿದರೂ ಬಂದ್ ಆಗಲಿಲ್ಲ.

ಪೆಟ್ಟಿಗೆ ಮೇಲೆ ಬಿಳಿ ಟೇಪ್ ಹಚ್ಚಿ, "9 ವೋಲ್ಟ್, ಒಳಗೆ ಮೈನಸ್" ಅಂತ ಬರೆದು, ಪಕ್ಕದಲ್ಲಿ ಆ ಚುಕ್ಕೆ ಬಳೆಯ ಚಿತ್ರ ಬಿಡಿಸಿದ್ದೇನೆ. ಅಡಾಪ್ಟರಿಗೂ ಅದೇ.

ಇವತ್ತು ಬೆಳಿಗ್ಗೆ ಐದೂವರೆಗೆ ನಾನೂ ಎದ್ದು ಬಾಗಿಲ ಹತ್ತಿರ ನಿಂತಿದ್ದೆ. ಅಪ್ಪ ಪೆಟ್ಟಿಗೆ ಹಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೇಳಿದರು. ಪಂಚಮವನ್ನು ಒಂದೇ ಸಲ ಒಂಚೂರು ತಿರುಗಿಸಿದರು. ಆಮೇಲೆ ಆರೂವರೆವರೆಗೂ ತಿರುಪಿಗೆ ಕೈ ಹೋಗಲಿಲ್ಲ. ತಬಲಾ ಅಣ್ಣಾರ ಲೆಕ್ಕ ಓದಿ ಹೇಳಿದೆ, ಎರಡು ಸಲ ಓದಿಸಿದರು. ಎಲ್ಲರಿಗೂ ಅವರ ಆಶೀರ್ವಾದ.

ಆ 12 ವೋಲ್ಟಿನದನ್ನು ಅಂಗಡಿಗೆ ಒಯ್ದು ಎರಡೂ ಚಿತ್ರ ಪಕ್ಕದಲ್ಲಿಟ್ಟು ತೋರಿಸಿದೆ. ಬದಲಿಗೆ ಬೇರೆ ಸಾಮಾನು ತಗೊಳ್ಳಿ ಅಂದರು, ಒಂದು ಎಕ್ಸ್‌ಟೆನ್ಶನ್ ಬೋರ್ಡ್ ತಂದೆ. ಸತ್ತುಹೋದ ಹಳೇ ಅಡಾಪ್ಟರ್ ಎಸೆಯಬಹುದಾ ಅಣ್ಣಾ?

ಖಡೇಬಜಾರ್_ಸೋಲ್ಡರ್

ಪೂರ್ತಿ ಎಸೆಯಬೇಡಿ ತಂಗಿ. ಪಿನ್ನಿನಿಂದ ಒಂದು ಅಡಿ ವೈರ್ ಬಿಟ್ಟು ಕತ್ತರಿಸಿ ಪೆಟ್ಟಿಗೆಯ ಜೊತೆಗೇ ಇಟ್ಟಿರಿ. ಮುಂದೆ ಎಂದಾದರೂ ಪಿನ್ ಅಳತೆ ಹುಡುಕಬೇಕಾದರೆ ಕೈಯಲ್ಲಿ ಒಂದು ಇರುತ್ತೆ. ಉಳಿದ ತಾಮ್ರ ಗುಜರಿಯವರು ತಗೊಳ್ಳುತ್ತಾರೆ.